ಸ್ಮಾಲಾ: ಗೆದ್ದವರು ಬರೆಸಿದ ಚಿತ್ರ

ಚರಿತ್ರೆಯನ್ನು ಪುಸ್ತಕದಲ್ಲಿ ಮಾತ್ರ ಬರೀತಾರೆ ಅಂತ ನಾವು ತಿಳಿದಿದ್ದೇವೆ. ದೊರೆಗಳು ಗೋಡೆಯ ಮೇಲೂ ಬರೆಸುತ್ತಾರೆ. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಅಂಥದೊಂದು ಚಿತ್ರ ಇದೆ. ಸುಮಾರು 70 ಅಡಿ ಉದ್ದ, 16 ಅಡಿ ಎತ್ತರ. ಬರೆದವನು ಒರಾಸ್ ವೆರ್ನೆ. ಬರೆಸಿದವನು ದೊರೆ ಲೂಯಿ ಫಿಲಿಪ್. ಚಿತ್ರದಲ್ಲಿ ಗೆಲ್ಲುವವನು ಅದೇ ದೊರೆಯ ಮಗ, 21 ವರ್ಷದ ಓಮಾಲ್. ಬರೆಸಿದ್ದು ಅಪ್ಪ, ಮೆರೆದದ್ದು ಮಗ!

ಗೆದ್ದದ್ದಾದರೂ ಏನನ್ನು? ಸ್ಮಾಲಾವನ್ನು. ಸ್ಮಾಲಾ ಅಂದರೆ ಕೋಟೆಯಲ್ಲ, ಕೊತ್ತಲವಲ್ಲ. 1830ರಲ್ಲಿ ಫ್ರೆಂಚರು ಅಲ್ಜೀರಿಯಾಕ್ಕೆ ನುಗ್ಗಿದರು. ಅವರಿಗೆ ಎದುರು ನಿಂತವರ ಮುಂದಾಳು ಅಬ್ದುಲ್ ಕಾದಿರ್. 1841ರಲ್ಲಿ ಅವನ ಮಸ್ಕರಾ, ತಾಗ್ದೆಂಪ್ತ್ ಪಟ್ಟಣಗಳು ಫ್ರೆಂಚರ ಪಾಲಾದವು. ನಿಲ್ಲಲು ನೆಲವಿಲ್ಲದವನು ಗುಡಾರಗಳಲ್ಲೇ ರಾಜಧಾನಿ ಹೂಡಿದ. ಇವತ್ತು ಇಲ್ಲಿ, ನಾಳೆ ಇನ್ನೆಲ್ಲೋ. ಅದೇ ಸ್ಮಾಲಾ. ಅಲ್ಲಿದ್ದವರು ಸಾವಿರಾರು ಜನ: ಸಿಪಾಯಿಗಳ ಹೆಂಡಿರು ಮಕ್ಕಳು, ಮುದುಕರು, ಕಸುಬಿನವರು. ಜತೆಗೆ ದನ, ಕುರಿ, ಒಂಟೆ. ಅವನು ಕೂಡಿಹಾಕಿದ ಹಸ್ತಪ್ರತಿಗಳ ಭಂಡಾರ. 1843ರ ಮೇ 16ರಂದು ತಾಗಿನ್ ಎಂಬಲ್ಲಿ ಓಮಾಲನ ಸುಮಾರು 600 ಸವಾರರು ಅದರ ಮೇಲೆ ಬಿದ್ದರು. ಅಬ್ದುಲ್ ಕಾದಿರ್ ಆಗ ಅಲ್ಲಿರಲೇ ಇಲ್ಲ. ಸುಮಾರು 3000 ಜನ ಸೆರೆಯಾದರು. ಪುಸ್ತಕಗಳು ಹಾಳಾದವು. ಇದನ್ನ ಮಹಾಯುದ್ಧ ಅಂತ ಬರೆಸಿದರು.

ವೆರ್ನೆಯದು ಪಳಗಿದ ಕೈ, ಇಲ್ಲ ಅನ್ನಲಾಗದು. ಆದರೆ ಆ ಕೈ ಬರೆದದ್ದನ್ನೇ ನೋಡಿ. ಒಂಟೆ ಮೇಲಿನ ಪಲ್ಲಕ್ಕಿಗಳಿಂದ ಹೆಂಗಸರು ಉರುಳುತ್ತಾರೆ. ದನಗಳು ಬೆದರಿ ಓಡುತ್ತವೆ, ಜಿಂಕೆಗಳೂ ಓಡುತ್ತವೆ. ಯುದ್ಧ ಅಂತ ಹೆಸರಿಟ್ಟರೂ ಬಣ್ಣದಲ್ಲಿ ಎದ್ದು ಕಾಣೋದು ಲೂಟಿ. ಒಡವೆ ಅವುಚಿಕೊಂಡು ಓಡುವ ಒಬ್ಬ ಯಹೂದಿಯೂ ಇದ್ದಾನೆ, ನೋಡಿದವರು ನಗಲಿ ಅಂತ. ಸೋತವರೊಳಗೂ ಗೇಲಿಗೆ ಇನ್ನೊಂದು ಜಾತಿ ಬೇಕೇ ಬೇಕು!

1845ರಲ್ಲಿ ಇದನ್ನು ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿಟ್ಟರು. ಕವಿ ಬೋದಿಲೇರ್ ಮೂಗುಮುರಿದ. ಅವನ ತಕರಾರು ಚಿತ್ರದ ಕಟ್ಟಿನ ಬಗ್ಗೆ, ಗುಡಾರದ ಜನರ ಬಗ್ಗೆ ಅಲ್ಲ.

ಅದೇ ವರ್ಷದ ಜೂನ್ ತಿಂಗಳು. ಅಲ್ಜೀರಿಯಾದ ದಾಹ್ರಾ ಬೆಟ್ಟಗಳಲ್ಲಿ ಔಲಾದ್ ರಿಯಾ ಬುಡಕಟ್ಟಿನವರು ಜೀವ ಉಳಿಸಿಕೊಳ್ಳಲು ಗವಿಯೊಳಗೆ ಸೇರಿದ್ದರು. ಕರ್ನಲ್ ಪೆಲಿಸಿಯೆ ಗವಿಯ ಬಾಯಿಗೆ ಬೆಂಕಿ ಹಾಕಿಸಿದ. ಹೆಂಗಸರು, ಮಕ್ಕಳು ಸೇರಿ ನೂರಾರು ಜನ ಹೊಗೆಗೆ ಉಸಿರುಕಟ್ಟಿ ಸತ್ತರು. ಫ್ರಾನ್ಸಿನ ಸಂಸತ್ತಿನಲ್ಲಿ ಗದ್ದಲವಾಯಿತು. ಗವರ್ನರ್ ಜನರಲ್ ಬ್ಯೂಜೊ ಅವನ ಬೆನ್ನಿಗೆ ನಿಂತ.

ಆ ಗವಿಗೆ ವರ್ಸೇಲ್ಸಿನಲ್ಲಿ ಗೋಡೆ ಸಿಗಲಿಲ್ಲ. ಪೆಲಿಸಿಯೆ 1855ರಲ್ಲಿ ಮಾರ್ಷಲ್ ಆದ. 1860ರಲ್ಲಿ ಅದೇ ಅಲ್ಜೀರಿಯಾಕ್ಕೆ ಗವರ್ನರ್ ಜನರಲ್ ಆಗಿ ಬಂದ.