ಕಡಲಿನ ಜೀವರಕ್ಷಕ ದೋಣಿಯಿಂದ ನಮ್ಮ ಡೋಣಿ ಹೊಳೆಯವರೆಗೆ

ಧರ್ಮಕೇಂದ್ರದ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಸಮುದ್ರದ ಮಾತೇಕೆ ಎಂದು ವಾಚಕರಿಗೆ ಅಚ್ಚರಿಯಾಗಬಹುದು. ವಿಜಯಪುರವೆಂದೊಡನೆ ನೆನಪಿಗೆ ಬರುವುದು ಗೋಳಗುಮ್ಮಟ, ಎರೆಭೂಮಿ, ಬಿಳಿಜೋಳ ಮತ್ತು ಬರಗಾಲ. ತಿಕೋಟಾ, ಬಬಲೇಶ್ವರದ ಕಡೆಯ ನಮ್ಮ ಬಂಧುಗಳಲ್ಲಿ ಎಷ್ಟೋ ಮಂದಿ ಕಡಲನ್ನು ಕಣ್ಣಾರೆ ಕಂಡವರಲ್ಲ. ಆದರೂ ನಮ್ಮ ದೇವಾಲಯಕ್ಕೂ ನಾವೆಗೂ ನಂಟು ಹಳೆಯದು. ಭಕ್ತಾದಿಗಳು ಕುಳಿತುಕೊಳ್ಳುವ ದೇವಾಲಯದ ನಡುಭಾಗಕ್ಕೆ ಪಾಶ್ಚಾತ್ಯ ಭಾಷೆಗಳಲ್ಲಿರುವ ಹೆಸರು, ಹಡಗು ಎಂಬರ್ಥದ ‘ನಾವಿಸ್’ ಎಂಬ ಲ್ಯಾಟಿನ್ ಪದದಿಂದ ಬಂದುದು. ನಮ್ಮ ‘ನಾವೆ’ ಎಂಬ ಶಬ್ದವೂ ಅದರ ಬಳಗದ್ದೇ. ಮುಳುಗುವವರನ್ನು ಮೇಲೆತ್ತುವ ಕಾರ್ಯವು ಮಾನವಚರಿತ್ರೆಯಲ್ಲಿ ಹೇಗೆ ಬೆಳೆದುಬಂತೆಂಬುದನ್ನು ಅರಿಯುವುದು ಆದ್ದರಿಂದ ಅಪ್ರಸ್ತುತವಾಗಲಾರದು.

ನಮ್ಮ ನಗರಕ್ಕೆ ಕಡಲು ತೀರ ಅಪರಿಚಿತವೂ ಅಲ್ಲ. ಆದಿಲಶಾಹಿ ಅರಸರ ಕಾಲದಲ್ಲಿ ಕೊಂಕಣದ ದಾಭೋಳ ಬಂದರು ಈ ರಾಜ್ಯದ ಹೆಬ್ಬಾಗಿಲಾಗಿತ್ತು. ಕುದುರೆಗಳೂ ಸರಕುಗಳೂ ಅಲ್ಲಿ ಇಳಿದು ಘಟ್ಟವನ್ನೇರಿ ಬರುತ್ತಿದ್ದವು. 1510ರಲ್ಲಿ ಅಲ್ಬುಕರ್ಕನು ಗೋವೆಯನ್ನು ಕಸಿದುಕೊಂಡದ್ದು ವಿಜಯಪುರದ ಸುಲ್ತಾನರಿಂದಲೇ. ಕಾರವಾರವೂ ಒಂದು ಕಾಲಕ್ಕೆ ಇದೇ ಸಿಂಹಾಸನಕ್ಕೆ ಅಧೀನವಾಗಿತ್ತು. ಆದರೆ ಆ ಯುಗದಲ್ಲಿ ಹಡಗು ಒಡೆದರೆ ಒಡೆಯಿತು. ಕೈಗೆ ಸಿಕ್ಕ ಹಲಗೆಯೇ ಗತಿ, ಇಲ್ಲವೆ ದಡದ ಬೆಸ್ತರ ಕರುಣೆಯೇ ಗತಿ.

ಹಲಗೆ ಹಿಡಿದು ದಡ ಸೇರಿದವರ ಕಥೆ ನಮಗೆ ಪವಿತ್ರ ಗ್ರಂಥದಿಂದಲೇ ಪರಿಚಿತ. ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯದಲ್ಲಿ ಸಂತ ಪೌಲರು ಸೆರೆಯಾಳಾಗಿ ರೋಮಿಗೆ ಪಯಣಿಸುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿ, ಹದಿನಾಲ್ಕು ದಿನ ದಿಕ್ಕುಗಾಣದೆ ತೇಲಿದ ವೃತ್ತಾಂತವಿದೆ. ಹಡಗಿನಲ್ಲಿ 276 ಜನರಿದ್ದರು. ನಾವಿಕರು ಲಂಗರು ಇಳಿಸುವ ನೆಪದಿಂದ ಇದ್ದೊಂದು ಸಣ್ಣ ದೋಣಿಯನ್ನು ನೀರಿಗಿಳಿಸಿ, ತಾವು ಮಾತ್ರ ಪಾರಾಗಲು ಹವಣಿಸಿದರು. ನಾವಿಕರು ಹಡಗಿನಲ್ಲಿ ಉಳಿಯದಿದ್ದರೆ ಯಾರೂ ಉಳಿಯಲಾರರೆಂದು ಪೌಲರು ಎಚ್ಚರಿಸಿದಾಗ ಸೈನಿಕರು ಹಗ್ಗವನ್ನು ಕತ್ತರಿಸಿ ಆ ದೋಣಿಯನ್ನೇ ಬಿಟ್ಟುಬಿಟ್ಟರು. ಕೊನೆಗೆ ಈಜು ಬಲ್ಲವರು ಈಜಿ, ಉಳಿದವರು ಹಲಗೆಗಳನ್ನು ಹಿಡಿದು ಎಲ್ಲರೂ ಮಾಲ್ಟಾ ದ್ವೀಪದ ದಡವನ್ನು ಸೇರಿದರು. ದ್ವೀಪದ ಜನ ಮಳೆಯಲ್ಲಿ ನಡುಗುತ್ತಿದ್ದವರಿಗೆ ಬೆಂಕಿ ಹಾಕಿ ಸತ್ಕರಿಸಿದರು. ರಕ್ಷಣೆಯ ಸಾಧನವಿರುವುದು ಯಾರಿಗಾಗಿ, ಕೆಲವರಿಗೋ ಎಲ್ಲರಿಗೋ ಎಂಬ ಪ್ರಶ್ನೆ ಅಂದೇ ಎದ್ದಿತ್ತು.

ಈ ಪ್ರಶ್ನೆಗೆ ಸಂಘಟಿತ ಉತ್ತರ ದೊರೆಯಲು ಹದಿನೇಳು ಶತಮಾನಗಳೇ ಬೇಕಾದವು. 1785ರಲ್ಲಿ ಲಂಡನ್ನಿನ ಸಾರೋಟು ತಯಾರಕನಾದ ಲಯನೆಲ್ ಲೂಕಿನ್ ಎಂಬಾತನು ಮುಳುಗದ ದೋಣಿಯೊಂದಕ್ಕೆ ಸರ್ಕಾರದಿಂದ ಹಕ್ಕುಪತ್ರ ಪಡೆದನು. 1789ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ಮುಖದಲ್ಲಿ ‘ಅಡ್ವೆಂಚರ್’ ಎಂಬ ಹಡಗು ದಡಕ್ಕೆ ಸಮೀಪದಲ್ಲಿಯೇ ಒಡೆಯಿತು. ಸಾವಿರಾರು ಜನ ದಡದಲ್ಲಿ ನಿಂತು ನೋಡುತ್ತಿದ್ದಂತೆಯೇ ನಾವಿಕರು ಒಬ್ಬೊಬ್ಬರಾಗಿ ಅಲೆಗಳ ಪಾಲಾದರು. ಅಂಥ ಕಡಲಿಗೆ ಇಳಿಯಬಲ್ಲ ದೋಣಿ ಅಲ್ಲಿ ಒಂದೂ ಇರಲಿಲ್ಲ. ಆ ಅಸಹಾಯಕತೆಯ ನೋವಿನಿಂದಲೇ ಸೌತ್ ಶೀಲ್ಡ್ಸ್ ಪಟ್ಟಣದವರು ಉತ್ತಮ ದೋಣಿಯ ರಚನೆಗೆ ಬಹುಮಾನ ಸಾರಿದರು. ಹೆನ್ರಿ ಗ್ರೇಟ್‌ಹೆಡ್ ಎಂಬ ದೋಣಿಗಾರನು, ತೇಲುವ ಗುಣಕ್ಕಾಗಿ ಬೆಂಡನ್ನು ಜೋಡಿಸಿ ಕಟ್ಟಿದ ‘ಒರಿಜಿನಲ್’ ಎಂಬ ಜೀವರಕ್ಷಕ ದೋಣಿ 1790ರಲ್ಲಿ ನೀರಿಗಿಳಿಯಿತು.

ಆದರೆ ದೋಣಿಯೊಂದಿದ್ದರೆ ಸಾಲದು. ಅದನ್ನು ಹಗಲಿರುಳು ಸಿದ್ಧವಾಗಿಡುವ ಸಂಸ್ಥೆ ಬೇಕು, ಹುಟ್ಟು ಹಾಕುವ ಧೀರರು ಬೇಕು. ಮ್ಯಾನ್ ದ್ವೀಪದ ನಿವಾಸಿಯಾಗಿದ್ದ ಸರ್ ವಿಲಿಯಂ ಹಿಲರಿ ಎಂಬ ಮಹನೀಯರ ಕರೆಯಿಂದ 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ರಾಷ್ಟ್ರೀಯ ಜೀವರಕ್ಷಕ ದೋಣಿ ಸಂಸ್ಥೆ ಸ್ಥಾಪಿತವಾಯಿತು. ಹಿಲರಿಯವರು ಬರಿಯ ಭಾಷಣಕಾರರಲ್ಲ. ಅರವತ್ತರ ಆಚೆಯ ವಯಸ್ಸಿನಲ್ಲಿಯೂ ಸ್ವತಃ ದೋಣಿಯೇರಿ ಅಲೆಗಳಿಗೆ ಎದೆಯೊಡ್ಡಿದವರು. ಸಾರ್ವಜನಿಕರ ದಾನದಿಂದಲೂ ಸ್ವಯಂಸೇವಕರ ಬಲದಿಂದಲೂ ನಡೆದುಬಂದ ಈ ಸಂಸ್ಥೆ ಎರಡು ಶತಮಾನಗಳಲ್ಲಿ 1,40,000ಕ್ಕೂ ಮಿಕ್ಕ ಜೀವಗಳನ್ನು ಉಳಿಸಿದೆ. 1838ರಲ್ಲಿ ‘ಫೋರ್ಫರ್‌ಶೈರ್’ ಎಂಬ ಹಬೆಹಡಗು ಬಂಡೆಗೆ ಬಡಿದಾಗ, ದೀಪಸ್ತಂಭದ ಕಾವಲುಗಾರನ ಮಗಳಾದ ಗ್ರೇಸ್ ಡಾರ್ಲಿಂಗ್ ತಂದೆಯೊಡನೆ ಹುಟ್ಟು ಹಾಕುತ್ತ ಹೋಗಿ ಬದುಕುಳಿದವರನ್ನು ಕರೆತಂದ ಸಾಹಸ ಲೋಕಪ್ರಸಿದ್ಧವಾಗಿದೆ. ಆಗ ಆಕೆಗೆ ವಯಸ್ಸು ಕೇವಲ 22.

ಇಷ್ಟೆಲ್ಲ ಆದ ಮೇಲೂ 1912ರ ಏಪ್ರಿಲಿನಲ್ಲಿ ‘ಟೈಟಾನಿಕ್’ ಮುಳುಗಿತು. ಹಡಗಿನಲ್ಲಿ 2,200ಕ್ಕೂ ಹೆಚ್ಚು ಜನ. ದೋಣಿಗಳಲ್ಲಿ ಸ್ಥಳವಿದ್ದುದು 1,178 ಮಂದಿಗೆ. ಎಷ್ಟು ದೋಣಿಗಳಿರಬೇಕೆಂಬುದನ್ನು ಅಂದಿನ ಕಾನೂನು ಹಡಗಿನ ಗಾತ್ರ ನೋಡಿ ನಿರ್ಧರಿಸುತ್ತಿತ್ತು, ಜನರನ್ನು ಎಣಿಸಿ ಅಲ್ಲ. ಸುಮಾರು 1,500 ಮಂದಿ ಹಿಮದಂಥ ನೀರಿನಲ್ಲಿ ಅಸುನೀಗಿದರು. ಅವರಲ್ಲಿ ಪೂಜ್ಯ ಥಾಮಸ್ ಬೈಲ್ಸ್ ಎಂಬ ಇಂಗ್ಲಿಷ್ ಕಥೋಲಿಕ ಗುರುಗಳೂ ಒಬ್ಬರು. ತಮ್ಮನ ವಿವಾಹವನ್ನು ನೆರವೇರಿಸಲು ನ್ಯೂಯಾರ್ಕಿಗೆ ಹೊರಟಿದ್ದ ಅವರು ದೋಣಿಯಲ್ಲಿ ಸ್ಥಳ ದೊರೆತರೂ ಒಲ್ಲೆನೆಂದು, ಉಳಿದವರ ಪಾಪನಿವೇದನೆ ಕೇಳುತ್ತ, ಪ್ರಾರ್ಥನೆ ಹೇಳಿಸುತ್ತ ಹಡಗಿನೊಡನೆಯೇ ಮುಳುಗಿದರು. ಈ ದುರಂತದ ಫಲವಾಗಿ 1914ರಲ್ಲಿ ಸಮುದ್ರದಲ್ಲಿ ಜೀವರಕ್ಷಣೆಯನ್ನು ಕುರಿತ ಅಂತರರಾಷ್ಟ್ರೀಯ ಒಪ್ಪಂದವಾಗಿ, ಹಡಗಿನಲ್ಲಿರುವ ಪ್ರತಿಯೊಬ್ಬರಿಗೂ ದೋಣಿಯಲ್ಲಿ ಸ್ಥಳವಿರಬೇಕೆಂಬ ತತ್ತ್ವ ಮಾನ್ಯವಾಯಿತು.

ನಮ್ಮ ಕರ್ನಾಟಕದ ಕರಾವಳಿಯಲ್ಲಿ ಬಹುಕಾಲದವರೆಗೆ ಮೊಗವೀರರು, ಖಾರ್ವಿಗಳು ಮೊದಲಾದ ಕಡಲಮಕ್ಕಳೇ ಜೀವರಕ್ಷಕರಾಗಿದ್ದರು. 1901ರಲ್ಲಿ ನಿರ್ಮಿತವಾದ ಕಾಪುವಿನ ದೀಪಸ್ತಂಭ ಅವರಿಗೆ ದಾರಿ ತೋರಿತು. ಭಾರತೀಯ ಕರಾವಳಿ ರಕ್ಷಣಾ ಪಡೆ 1977ರಲ್ಲಿ ಮೊದಲುಗೊಂಡು 1978ರ ಶಾಸನದಿಂದ ಪೂರ್ಣರೂಪ ತಾಳಿತು. 2021ರ ಮೇ ತಿಂಗಳಿನ ‘ತೌಕ್ತೆ’ ಚಂಡಮಾರುತದಲ್ಲಿ ಮೂಲ್ಕಿಯ ಬಳಿಯ ಬಂಡೆಗಳಿಗೆ ಸಿಲುಕಿದ ‘ಕೋರಮಂಡಲ್ ಸಪೋರ್ಟರ್ 9’ ಎಂಬ ಟಗ್ಗಿನ ಒಂಬತ್ತು ಮಂದಿಯನ್ನು ಈ ಪಡೆಯ ‘ವರಾಹ’ ಹಡಗೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಉಳಿಸಿದವು. ಮರುವರ್ಷ ಜೂನ್ ತಿಂಗಳಿನಲ್ಲಿ ಉಳ್ಳಾಲದ ಸಮೀಪ ಮುಳುಗಿದ ‘ಪ್ರಿನ್ಸೆಸ್ ಮಿರಾಲ್’ ಹಡಗಿನ 15 ಮಂದಿ ಸಿರಿಯಾ ದೇಶದ ನಾವಿಕರೂ ಸುರಕ್ಷಿತವಾಗಿ ದಡ ಸೇರಿದರು.

ಇನ್ನು ನಮ್ಮ ಸೀಮೆಯ ಮಾತು. ಕಡಲಿಲ್ಲದಿದ್ದರೂ ಕೃಷ್ಣೆ, ಭೀಮೆ, ಡೋಣಿ ನಮ್ಮವು. ಸೇತುವೆಗಳಿಲ್ಲದ ಕಾಲದಲ್ಲಿ ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿದ ಹರಗೋಲೇ ಹೊಳೆ ದಾಟುವ ಸಾಧನವಾಗಿತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯೆಸನು ತುಂಗಭದ್ರೆಯಲ್ಲಿ ಈ ಬುಟ್ಟಿದೋಣಿಗಳನ್ನು ಕಂಡು ಬೆರಗಾಗಿ ವರ್ಣಿಸಿದ್ದಾನೆ. 12ನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನವರ ಕಾಯಕವೂ ಇದೇ. ಹೊಳೆ ಬಂದಾಗ ನಡುಗಡ್ಡೆಯಲ್ಲಿ ಸಿಕ್ಕವರನ್ನು ಕರೆತರುವ ಹೊಣೆಯೂ ಅಂಬಿಗರ ಮೇಲೆಯೇ ಬೀಳುತ್ತಿತ್ತು. ಸೇತುವೆಗಳು ಬಂದವು, ಹರಗೋಲುಗಳು ವಿರಳವಾದವು, ಅವುಗಳೊಡನೆ ಆ ವಿದ್ಯೆಯೂ ಕ್ಷೀಣಿಸಿತು.

ಡೋಣಿಯ ಸ್ವಭಾವವೇ ವಿಚಿತ್ರ. ಜತ್ತ ಸೀಮೆಯ ಕಡೆಯಿಂದ ಹರಿದು ಬಂದು, ತಿಕೋಟಾ, ಬಬಲೇಶ್ವರ ಭಾಗಗಳನ್ನು ಹಾಯ್ದು, ಸಾರವಾಡವನ್ನು ದಾಟಿ, ತಾಳಿಕೋಟೆಯ ಮಗ್ಗುಲಿನಿಂದ ಮುಂದೆ ಕೃಷ್ಣೆಯನ್ನು ಸೇರುವ ಈ ಹೊಳೆ ವರ್ಷದ ಬಹುಕಾಲ ಸವಳು ನೀರಿನ ಸಣ್ಣ ಹರಿವಷ್ಟೆ. ಡೋಣಿ ಬೆಳೆದರೆ ಉಣ್ಣುವವರಾರು, ಬೆಳೆಯದಿದ್ದರೆ ಉಣ್ಣುವವರಾರು ಎಂದು ಹಿರಿಯರು ಹೇಳುತ್ತಿದ್ದುದು ಅದರ ದಂಡೆಯ ಎರೆಯ ಫಲವತ್ತತೆಯನ್ನು ಕುರಿತು. ಆದರೆ ಮೇಲ್ಭಾಗದಲ್ಲಿ ದೊಡ್ಡ ಮಳೆ ಬಿದ್ದರೆ ಹೂಳು ತುಂಬಿದ ಪಾತ್ರ ಮೀರಿ, ಕೆಲವೇ ತಾಸುಗಳಲ್ಲಿ ಹೊಲಗಳನ್ನೂ ತಗ್ಗಿನ ಸೇತುವೆಗಳನ್ನೂ ಆವರಿಸಿಬಿಡುತ್ತದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿಯೂ ಅಕ್ಟೋಬರ್ ಮೊದಲಲ್ಲಿಯೂ ಸುರಿದ ಮಹಾಮಳೆಗೆ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಪ್ರಾಣ ತೆತ್ತುದನ್ನು ನಾವಾರೂ ಮರೆಯಲಾರೆವು. 2019ರ ಆಗಸ್ಟಿನಲ್ಲಿ ಆಲಮಟ್ಟಿಯಿಂದ 5 ಲಕ್ಷ ಕ್ಯುಸೆಕ್‌ಗೂ ಮೀರಿ ನೀರು ಹರಿಯಿತು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಇಂಡಿ, ಸಿಂದಗಿ ಕಡೆಯ ಊರುಗಳನ್ನು ಸುತ್ತುವರಿಯಿತು. ಆಗೆಲ್ಲ ಜನರನ್ನು ಹೊರತರಲು ದೋಣಿಗಳು ಬೇಕಾದವು. 2006ರಲ್ಲಿ ರೂಪುಗೊಂಡ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯಂಥ ತಂಡಗಳ ಸೇವೆ ಸ್ತುತ್ಯರ್ಹವೇ ಸರಿ. ಆದರೆ ಅವು ಬರುವುದು ದೂರದಿಂದ. ಡೋಣಿಯಾದರೋ ಯಾರಿಗಾಗಿಯೂ ಕಾಯುವುದಿಲ್ಲ.

ಇತಿಹಾಸದಿಂದ ನಾವು ಕಲಿಯಬೇಕಾದುದು ಇಷ್ಟೆ. ಟೈನ್ ನದಿಯ ದಡದಲ್ಲಿ ಕರುಣೆಗೆ ಕೊರತೆಯಿರಲಿಲ್ಲ, ದೋಣಿಯಿರಲಿಲ್ಲ. ಟೈಟಾನಿಕ್ಕಿನಲ್ಲಿ ದೋಣಿಗಳಿದ್ದವು, ಎಲ್ಲರ ಲೆಕ್ಕವಿರಲಿಲ್ಲ. ಎರಡು ಕಡೆಯೂ ವಿವೇಕ ಮೂಡಿದುದು ಹೆಣಗಳನ್ನು ಎಣಿಸಿದ ಮೇಲೆ. ಹೊಳೆಯ ದಂಡೆಯ ಪ್ರತಿಯೊಂದು ಊರಿನಲ್ಲಿಯೂ ಮಳೆಗಾಲಕ್ಕೆ ಮುನ್ನ ಒಂದು ದೋಣಿ, ಗಟ್ಟಿಯಾದ ಹಗ್ಗ, ತೇಲುವ ಅಂಗಿಗಳು, ಈಜು ಬಲ್ಲ ನಾಲ್ವರು ತರುಣರು ಸಿದ್ಧರಿದ್ದರೆ ಅದು ದೊಡ್ಡ ವೆಚ್ಚವೇನೂ ಅಲ್ಲ. ನೀರು ಹಾಯುತ್ತಿರುವ ಸೇತುವೆಗೆ ಕಾಲಿಡಬಾರದೆಂಬ ಮಾತನ್ನು ಮಕ್ಕಳಿಗೆ ಹೇಳಿಕೊಡಲು ವೆಚ್ಚವೇ ಬೇಕಿಲ್ಲ. ನಮ್ಮ ಯುವಕ ಸಂಘದವರು ಜಾತಿಮತಗಳ ಭೇದವಿಲ್ಲದೆ ನೆರೆಹೊರೆಯವರೊಡನೆ ಸೇರಿ ಈ ಕಾರ್ಯಕ್ಕೆ ಕೈಹಾಕಿದರೆ, ಶತಮಾನೋತ್ಸವಕ್ಕೆ ಅದಕ್ಕಿಂತ ಒಪ್ಪುವ ಕಾಣಿಕೆ ಇನ್ನಾವುದಿದ್ದೀತು? ಮಾಲ್ಟಾದ ಜನ ನೆನೆದು ಬಂದವರ ಕುಲಗೋತ್ರ ಕೇಳಲಿಲ್ಲ. ಮೊದಲು ಬೆಂಕಿ ಹಾಕಿದರು. ನಾವೂ ಮುಂದಿನ ಮಳೆಗಾಲದೊಳಗೆ ಒಂದು ದೋಣಿಯನ್ನಾದರೂ ಸಿದ್ಧಪಡಿಸೋಣ.