ಸಮಶೋಧನ: ಸಮೀಕರಣವನ್ನು ಹದಗೊಳಿಸಿದ ಹಿರಿಯರು



ರೇಖಾತ್ಮಕ ಸಮೀಕರಣವನ್ನು ಆದರ್ಶ ರೂಪಕ್ಕೆ ತರುವುದು ಪ್ರೌಢಶಾಲೆಯ ಬೀಜಗಣಿತದ ಮೊದಲ ಸಂಸ್ಕಾರ. ಚದುರಿದ ಪದಗಳನ್ನೆಲ್ಲ ಒಂದು ಬದಿಗೆ ಕೂಡಿಸಿ, ಇನ್ನೊಂದು ಬದಿಯಲ್ಲಿ ಸೊನ್ನೆಯನ್ನು ಉಳಿಸುವುದೇ ಆ ಕ್ರಮ. ಸಮಚಿಹ್ನೆಯನ್ನು ದಾಟಿದರೆ ಕೂಡುವುದು ಕಳೆಯುವುದಾಗುತ್ತದೆ, ಕಳೆಯುವುದು ಕೂಡುವುದಾಗುತ್ತದೆ ಎಂಬ ಮಾತನ್ನು ಸರಗೂರಿನಲ್ಲಿ ನನ್ನ ಬಳಿ ಓದಿದವರೆಲ್ಲರೂ ಬಾಯಿಪಾಠ ಮಾಡಿದ್ದೀರಿ. ಅದು ಏಕೆ ಹಾಗೆ ಎಂಬುದಕ್ಕೆ ನಮ್ಮ ಪ್ರಾಚೀನರ ಗ್ರಂಥಗಳಲ್ಲಿಯೇ ಉತ್ತರವಿದೆ.

ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತನು 'ಬ್ರಾಹ್ಮಸ್ಫುಟಸಿದ್ಧಾಂತ'ವನ್ನು ರಚಿಸಿದನು. ಎರಡು ಪಕ್ಷಗಳ ವ್ಯಕ್ತ ಸಂಖ್ಯೆಗಳ ವ್ಯತ್ಯಾಸವನ್ನು ಅವ್ಯಕ್ತಗಳ ವ್ಯತ್ಯಾಸದಿಂದ ಭಾಗಿಸಿದರೆ ಅವ್ಯಕ್ತದ ಬೆಲೆ ದೊರೆಯುತ್ತದೆ ಎಂಬ ನಿಯಮ ಅದರಲ್ಲಿದೆ. ಎರಡನೆಯ ಭಾಸ್ಕರಾಚಾರ್ಯರು 'ಬೀಜಗಣಿತ'ದಲ್ಲಿ ಇದನ್ನು ಇನ್ನಷ್ಟು ವಿಶದಪಡಿಸಿದರು. ಹೀಗೆ ಎರಡೂ ಪಕ್ಷಗಳಿಂದ ಸಮವಾದುದನ್ನು ತೆಗೆದು ಶುದ್ಧಗೊಳಿಸುವುದಕ್ಕೆ 'ಸಮಶೋಧನ'ವೆಂದು ಹೆಸರು.

ಭಾಸ್ಕರಾಚಾರ್ಯರ ಒಂದು ಲೆಕ್ಕ ಹೀಗಿದೆ: ಒಬ್ಬನಲ್ಲಿ 6 ಕುದುರೆಗಳೂ 300 ನಾಣ್ಯಗಳೂ ಇವೆ. ಇನ್ನೊಬ್ಬನಲ್ಲಿ ಅದೇ ಬೆಲೆಯ 10 ಕುದುರೆಗಳಿವೆ, ಆದರೆ 100 ನಾಣ್ಯಗಳ ಸಾಲವಿದೆ. ಇಬ್ಬರ ಸಂಪತ್ತೂ ಸಮ. ಕುದುರೆಯ ಬೆಲೆಯೆಷ್ಟು? ಅವ್ಯಕ್ತಕ್ಕೆ 'ಯಾವತ್ತಾವತ್' ಎಂಬ ಹೆಸರಿದ್ದುದರಿಂದ ನಾವೂ 'ಯಾ' ಎಂದೇ ಬರೆಯೋಣ.

6ಯಾ + 300 = 10ಯಾ − 100

ಇಬ್ಬರಿಗೂ 100 ನಾಣ್ಯ ಕೊಡಿ. ಎರಡನೆಯವನ ಸಾಲ ತೀರಿತು, ಮೊದಲನೆಯವನ ಹಣ 400 ಆಯಿತು. ಇಬ್ಬರಿಂದಲೂ 6 ಕುದುರೆಗಳನ್ನು ಹಿಂಪಡೆಯಿರಿ. ಉಳಿದದ್ದು 400 = 4ಯಾ. ಇಂದಿನ ಆದರ್ಶ ರೂಪದಲ್ಲಿ 4ಯಾ − 400 = 0. ಕುದುರೆಯ ಬೆಲೆ 100.

ಗಮನಿಸಿ, ಇಲ್ಲಿ ಯಾವ ಪದವೂ ಸಮಚಿಹ್ನೆಯನ್ನು ಹಾರಿ ದಾಟಲಿಲ್ಲ. ತಕ್ಕಡಿಯ ಎರಡೂ ತಟ್ಟೆಗಳಿಗೆ ನಾವು ಸಮನ್ಯಾಯ ಮಾಡಿದೆವು, ಅಷ್ಟೆ. ಚಿಹ್ನೆ ಬದಲಾದಂತೆ ತೋರುವುದು ಅದರ ಫಲ.

9ನೆಯ ಶತಮಾನದಲ್ಲಿ ಬಾಗ್ದಾದಿನ ಅಲ್ ಖ್ವಾರಿಜ್ಮಿಯೂ ಕಳೆಯುವ ಪದವನ್ನು ಎರಡೂ ಬದಿಗೆ ಕೂಡಿಸಿ ಸರಿಪಡಿಸುವ ಕ್ರಿಯೆಗೆ 'ಅಲ್ ಜಬ್ರ್' ಎಂದನು. 'ಆಲ್ಜೀಬ್ರಾ' ಎಂಬ ಹೆಸರು ಬಂದದ್ದು ಅದರಿಂದಲೇ. ಎಲ್ಲವನ್ನೂ ಒಂದೆಡೆ ತಂದು ಸೊನ್ನೆಗೆ ಸಮಗೊಳಿಸುವ ಪದ್ಧತಿಯು ಇಂಗ್ಲೆಂಡಿನ ಥಾಮಸ್ ಹ್ಯಾರಿಯಟ್‌ನ ಮರಣಾನಂತರ, 1631ರಲ್ಲಿ ಅಚ್ಚಾದ ಗ್ರಂಥದಲ್ಲಿ ಕಾಣುತ್ತದೆ.

ಕನ್ನಡ ನಾಡಿಗೂ ಈ ಪರಂಪರೆಯಲ್ಲಿ ಪಾಲಿದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ಬರೆದನು. 12ನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು.

ಚಿಹ್ನೆಯ ಗೊಂದಲದಿಂದಲೇ ಗಣಿತಕ್ಕೆ ಹೆದರಿ ಓದು ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ. ನಿಮ್ಮ ಮಕ್ಕಳು, ಮೊಮ್ಮಕ್ಕಳು ಈ ಪಾಠಕ್ಕೆ ಬಂದಾಗ ಸೂತ್ರವನ್ನು ಬಾಯಿಗೆ ತುರುಕುವ ಮುನ್ನ ಈ ಇಬ್ಬರ ಕುದುರೆಗಳ ಕಥೆಯನ್ನು ಹೇಳಿ. ಎರಡೂ ಕಡೆಗೆ ಒಂದೇ ನ್ಯಾಯವೆಂಬುದು ಮನಸ್ಸಿಗೆ ನಾಟಿದರೆ, ಮರೆತ ಸೂತ್ರವನ್ನು ಅವರು ತಾವೇ ಮತ್ತೆ ಕಟ್ಟಿಕೊಳ್ಳಬಲ್ಲರು.