ಸಸ್ಯ ಬೆಳವಣಿಗೆಯ ಎಲ್.ಇ.ಡಿ. ದೀಪಗಳ ಕನೆಕ್ಟರ್‌ಗಳಿಗೆ ಸೂಕ್ತ ಗಾತ್ರದ ತಂತಿಯ ಆಯ್ಕೆ

ಪೀಠಿಕೆ

ಪಾಲಿಹೌಸ್, ನರ್ಸರಿ ಹಾಗೂ ಅಂಗಾಂಶ ಕೃಷಿ ಪ್ರಯೋಗಾಲಯಗಳಲ್ಲಿ ಕೃತಕ ಬೆಳಕಿಗಾಗಿ ಎಲ್.ಇ.ಡಿ. ದೀಪಗಳನ್ನು ಬಳಸಲಾಗುತ್ತಿದೆ. ಸೇವಂತಿಗೆಯು ಹ್ರಸ್ವ ಹಗಲಿನ ಸಸ್ಯವಾಗಿದ್ದು, ದೀರ್ಘ ರಾತ್ರಿ ದೊರೆತಾಗ ಮೊಗ್ಗು ಬಿಡುತ್ತದೆ. ಆದುದರಿಂದ ಗಿಡವು ಸಾಕಷ್ಟು ಎತ್ತರಕ್ಕೆ ಬೆಳೆಯುವವರೆಗೆ ರಾತ್ರಿಯ ನಡುವೆ ಕೆಲವು ಗಂಟೆಗಳ ಕಾಲ ಬೆಳಕು ನೀಡಿ ಮೊಗ್ಗು ಮೂಡುವುದನ್ನು ತಡೆಯಲಾಗುತ್ತದೆ. ತಂತಿಯು ತೆಳುವಾಗಿದ್ದಲ್ಲಿ ಸಾಲಿನ ಕೊನೆಯ ದೀಪಗಳು ಮಂಕಾಗಿ, ಅಲ್ಲಿನ ಗಿಡಗಳು ಅಕಾಲದಲ್ಲಿ ಮೊಗ್ಗು ಬಿಟ್ಟು, ಹೂವಿನ ಕಡ್ಡಿ ಗಿಡ್ಡವಾಗುವ ಸಂಭವವಿರುತ್ತದೆ. ಇದಲ್ಲದೆ ಕನೆಕ್ಟರ್ ಬಿಸಿಯಾಗಿ ಕರಗುವ ಹಾಗೂ ಬೆಂಕಿ ಹೊತ್ತಿಕೊಳ್ಳುವ ಅಪಾಯವೂ ಇದೆ. ಈ ಹಿನ್ನೆಲೆಯಲ್ಲಿ ತಂತಿಯ ಗಾತ್ರವನ್ನು ಆಯ್ಕೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

1. ಗೇಜ್ ಮತ್ತು ಚದರ ಮಿ.ಮೀ.

ಭಾರತದಲ್ಲಿ ತಂತಿಯ ಗಾತ್ರವನ್ನು ವಾಹಕದ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ, ಅಂದರೆ ಚದರ ಮಿ.ಮೀ.ನಲ್ಲಿ ನಮೂದಿಸಲಾಗುತ್ತದೆ. ಆದರೆ ಆಮದು ದೀಪಗಳ ಕೈಪಿಡಿಗಳಲ್ಲಿ ಅಮೆರಿಕನ್ ಗೇಜ್ (ಎ.ಡಬ್ಲ್ಯೂ.ಜಿ.) ಇರುತ್ತದೆ. ಅಂಗಡಿಗಳಲ್ಲಿ ಇಂದಿಗೂ ಕೇಳಿಬರುವ 1/18, 3/20 ಮುಂತಾದ ಸಂಖ್ಯೆಗಳು ಹಳೆಯ ಬ್ರಿಟಿಷ್ ಗೇಜ್‌ಗೆ (ಎಸ್.ಡಬ್ಲ್ಯೂ.ಜಿ.) ಸೇರಿದವು. ಇವೆರಡೂ ಒಂದೇ ಅಲ್ಲ. ಅಮೆರಿಕನ್ 18ನೇ ಗೇಜ್ ಸುಮಾರು 0.82 ಚದರ ಮಿ.ಮೀ., ಬ್ರಿಟಿಷ್ 18ನೇ ಗೇಜ್ ಸುಮಾರು 1.17 ಚದರ ಮಿ.ಮೀ. ಆಗಿರುತ್ತದೆ. ಎರಡೂ ಪದ್ಧತಿಗಳಲ್ಲಿ ಸಂಖ್ಯೆ ಹೆಚ್ಚಿದಂತೆ ತಂತಿ ತೆಳುವಾಗುತ್ತದೆ. ಆದುದರಿಂದ ಖರೀದಿಯ ವೇಳೆ ಚದರ ಮಿ.ಮೀ.ನಲ್ಲಿಯೇ ಕೇಳುವುದು ಸೂಕ್ತ.

2. ಪ್ರವಾಹದ ಲೆಕ್ಕ

ದೀಪದ ವ್ಯಾಟ್ ಅನ್ನು ವೋಲ್ಟೇಜ್‌ನಿಂದ ಭಾಗಿಸಿದರೆ ಪ್ರವಾಹವು ಆಂಪಿಯರ್‌ಗಳಲ್ಲಿ ದೊರೆಯುತ್ತದೆ. 24 ವೋಲ್ಟ್‌ನ 96 ವ್ಯಾಟ್ ದೀಪಕ್ಕೆ 4 ಆಂಪಿಯರ್ ಬೇಕಾಗುತ್ತದೆ. ದೀಪಗಳನ್ನು ಒಂದರ ಹಿಂದೆ ಒಂದರಂತೆ ಕನೆಕ್ಟರ್‌ಗಳಿಂದ ಜೋಡಿಸಿದಾಗ, ಮೊದಲನೆಯ ಕನೆಕ್ಟರ್ ಎಲ್ಲ ದೀಪಗಳ ಒಟ್ಟು ಪ್ರವಾಹವನ್ನು ಹೊರಬೇಕು. ತಲಾ 1 ಆಂಪಿಯರ್‌ನ ಐದು ದೀಪಗಳಿದ್ದಲ್ಲಿ ಮೊದಲ ಕನೆಕ್ಟರ್‌ನಲ್ಲಿ 5 ಆಂಪಿಯರ್ ಹರಿಯುತ್ತದೆ. ಅದರ ಸಾಮರ್ಥ್ಯ 3 ಆಂಪಿಯರ್ ಮಾತ್ರ ಇದ್ದಲ್ಲಿ, ದಪ್ಪ ತಂತಿ ಹಾಕಿದರೂ ಪ್ರಯೋಜನವಿಲ್ಲ. ಪ್ರವಾಹ ಎರಡು ಪಟ್ಟಾದರೆ ಉಂಟಾಗುವ ಶಾಖ ನಾಲ್ಕು ಪಟ್ಟಾಗುತ್ತದೆ ಎಂಬುದನ್ನು ಗಮನಿಸತಕ್ಕದ್ದು.

3. ವೋಲ್ಟೇಜ್ ಇಳಿಕೆ

ನಮ್ಯ ತಾಮ್ರದ ತಂತಿಯ ಗರಿಷ್ಠ ರೋಧ (20 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪ್ರತಿ ಕಿ.ಮೀ.ಗೆ) ಈ ಕೆಳಕಂಡಂತಿದೆ:

0.5 ಚ.ಮಿ.ಮೀ. – 39.0 ಓಮ್
0.75 ಚ.ಮಿ.ಮೀ. – 26.0 ಓಮ್
1.0 ಚ.ಮಿ.ಮೀ. – 19.5 ಓಮ್
1.5 ಚ.ಮಿ.ಮೀ. – 13.3 ಓಮ್
2.5 ಚ.ಮಿ.ಮೀ. – 7.98 ಓಮ್
4.0 ಚ.ಮಿ.ಮೀ. – 4.95 ಓಮ್

ಪ್ರವಾಹವು ಹೋಗಿ ಮರಳಬೇಕಾದುದರಿಂದ ದೂರವನ್ನು ಎರಡರಿಂದ ಗುಣಿಸಬೇಕು.

ಸೂತ್ರ: ಇಳಿಕೆ = 2 × ದೂರ (ಮೀಟರ್) × ಪ್ರವಾಹ (ಆಂಪಿಯರ್) × ಪ್ರತಿ ಕಿ.ಮೀ. ರೋಧ (ಓಮ್) ÷ 1000

ಉದಾಹರಣೆ: ಮೇಲಿನ 96 ವ್ಯಾಟ್ ದೀಪವು ಡ್ರೈವರ್‌ನಿಂದ 10 ಮೀಟರ್ ದೂರದಲ್ಲಿದ್ದರೆ, 0.75 ಚ.ಮಿ.ಮೀ. ತಂತಿಯಲ್ಲಿ ಸುಮಾರು 2.1 ವೋಲ್ಟ್ (ಶೇ. 8.7), 1.5ರಲ್ಲಿ ಸುಮಾರು 1.1 ವೋಲ್ಟ್ (ಶೇ. 4.4), 2.5ರಲ್ಲಿ ಸುಮಾರು 0.64 ವೋಲ್ಟ್ (ಶೇ. 2.7) ಇಳಿಕೆಯಾಗುತ್ತದೆ. ಇಳಿಕೆಯನ್ನು ಶೇ. 3ರೊಳಗೆ ಇರಿಸಬೇಕಾದಲ್ಲಿ 2.5 ಚ.ಮಿ.ಮೀ. ತಂತಿ ಅಗತ್ಯ. ಇದೇ ವ್ಯಾಟ್‌ನ 48 ವೋಲ್ಟ್ ದೀಪಕ್ಕೆ 2 ಆಂಪಿಯರ್ ಸಾಕಾಗುವುದರಿಂದ 0.75 ಚ.ಮಿ.ಮೀ. ತಂತಿಯಲ್ಲಿಯೇ ಇಳಿಕೆ ಶೇ. 2.2ರಷ್ಟಿರುತ್ತದೆ. ಆದುದರಿಂದ ಕಡಿಮೆ ವೋಲ್ಟ್‌ನ ದೀಪಗಳಿಗೆ ಡ್ರೈವರನ್ನು ಸಮೀಪದಲ್ಲಿ ಅಳವಡಿಸುವುದು ಮಿತವ್ಯಯಕರ.

ಸ್ಥಿರ ಪ್ರವಾಹದ ಡ್ರೈವರ್ ಇರುವ ದೀಪಗಳಲ್ಲಿ, ಡ್ರೈವರ್‌ನ ವೋಲ್ಟೇಜ್ ಮಿತಿಯೊಳಗೆ ಇರುವವರೆಗೆ ಬೆಳಕು ಮಂಕಾಗುವುದಿಲ್ಲ. ಆದರೂ ತಂತಿಯಲ್ಲಿ ವಿದ್ಯುತ್ ನಷ್ಟವಾಗಿ ಶಾಖವಾಗುತ್ತದೆ.

4. ಕನೆಕ್ಟರ್‌ಗೆ ಹೊಂದಿಕೆ

ಅ) ಪ್ರತಿ ಕನೆಕ್ಟರ್‌ಗೆ ಕನಿಷ್ಠ ಹಾಗೂ ಗರಿಷ್ಠ ತಂತಿ ಗಾತ್ರ ನಿಗದಿಯಾಗಿರುತ್ತದೆ. ತೆಳು ತಂತಿಯು ಬಿಗಿಯಾಗಿ ಕೂರುವುದಿಲ್ಲ. ದಪ್ಪ ತಂತಿಯ ಎಳೆಗಳನ್ನು ಕತ್ತರಿಸಿ ತೂರಿಸುವುದು ಅಪಾಯಕರ.

ಆ) ಲೆಕ್ಕದಂತೆ ದಪ್ಪ ತಂತಿ ಬೇಕಾಗಿ, ಕನೆಕ್ಟರ್ ಚಿಕ್ಕದಿದ್ದಲ್ಲಿ, ದಪ್ಪ ತಂತಿಯನ್ನು ದೀಪದ ಸಮೀಪದ ಜಂಕ್ಷನ್ ಬಾಕ್ಸ್‌ವರೆಗೆ ಎಳೆದು, ಅಲ್ಲಿಂದ ಕನೆಕ್ಟರ್‌ಗೆ ಹೊಂದುವ ಗಾತ್ರದ ಗಿಡ್ಡ ತಂತಿಯನ್ನು ಜೋಡಿಸಬೇಕು. ಈ ಗಿಡ್ಡ ತಂತಿಯು ಸಹ ದೀಪದ ಪೂರ್ಣ ಪ್ರವಾಹವನ್ನು ಹೊರುವಂತಿರಬೇಕು ಮತ್ತು ಅದಕ್ಕೆ ತಕ್ಕ ಫ್ಯೂಸ್ ಇರಬೇಕು.

ಇ) ಒತ್ತಿ ಕೂರಿಸುವ ಕನೆಕ್ಟರ್‌ಗಳಿಗೆ ಒಂಟಿ ಎಳೆಯ ತಂತಿ ಸುಲಭವಾಗಿ ಹೊಂದುತ್ತದೆ. ಬಹು ಎಳೆಯ ತಂತಿಗೆ ತಯಾರಕರು ಸೂಚಿಸಿದಲ್ಲಿ ತುದಿಗೆ ಲೋಹದ ತೋಳು (ಫೆರೂಲ್) ಹಾಕಬೇಕು. ಸ್ಕ್ರೂ ಇರುವ ಕನೆಕ್ಟರ್‌ಗೆ ಹಾಕುವ ತುದಿಗೆ ಬೆಸುಗೆ ಹಾಕಬಾರದು. ಬೆಸುಗೆಯು ಒತ್ತಡಕ್ಕೆ ಕ್ರಮೇಣ ಕುಗ್ಗಿ ಜೋಡಣೆ ಸಡಿಲವಾಗುತ್ತದೆ.

5. ತಂತಿಯ ಗುಣಮಟ್ಟ ಮತ್ತು ಪರಿಸರ

ತಾಮ್ರ ಲೇಪಿತ ಅಲ್ಯೂಮಿನಿಯಂ ತಂತಿಯು ನೋಡಲು ತಾಮ್ರದಂತೆಯೇ ಇರುತ್ತದೆ. ಎಳೆಯನ್ನು ಕೆರೆದಾಗ ಒಳಗೆ ಬೆಳ್ಳಗೆ ಕಂಡಲ್ಲಿ ಅಂತಹ ತಂತಿಗೆ ಮೇಲಿನ ಪಟ್ಟಿ ಅನ್ವಯಿಸುವುದಿಲ್ಲ. ಅದರ ರೋಧ ಹೆಚ್ಚು. ಪಿ.ವಿ.ಸಿ. ಹೊದಿಕೆಯ ತಂತಿಯಲ್ಲಿ ಐ.ಎಸ್. 694 ಹಾಗೂ ಐ.ಎಸ್.ಐ. ಗುರುತನ್ನು ಪರಿಶೀಲಿಸಬೇಕು. ಬೇಸಿಗೆಯಲ್ಲಿ ಪಾಲಿಹೌಸ್‌ನ ಒಳಭಾಗ ಬಹಳ ಬಿಸಿಯಾಗುವುದರಿಂದ ತಂತಿಯನ್ನು ಅದರ ಪೂರ್ಣ ಸಾಮರ್ಥ್ಯಕ್ಕೆ ಬಳಸಬಾರದು. ದೀಪದ ಬಿಸಿ ಲೋಹಭಾಗಕ್ಕೆ ತಾಗುವ ಕಡೆ ಸಿಲಿಕೋನ್ ಹೊದಿಕೆಯ ತಂತಿ ಉತ್ತಮ. ನೀರು ಸಿಂಪರಣೆ ಇರುವಲ್ಲಿ ಐ.ಪಿ. 65 ಅಥವಾ ಅದಕ್ಕಿಂತ ಮೇಲ್ಪಟ್ಟ ದರ್ಜೆಯ ಕನೆಕ್ಟರ್ ಬಳಸಬೇಕು.

6. ಸುರಕ್ಷತಾ ಸೂಚನೆಗಳು

- 230 ವೋಲ್ಟ್ ಭಾಗದ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.
- 30 ಮಿಲಿ ಆಂಪಿಯರ್‌ನ ಆರ್.ಸಿ.ಸಿ.ಬಿ. ಅಳವಡಿಸಿ, ಪಾಲಿಹೌಸ್‌ನ ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಮಾಡಿಸಬೇಕು.
- ದೀಪಗಳನ್ನು ಒಂದು ಗಂಟೆ ಉರಿಸಿದ ನಂತರ ವಿದ್ಯುತ್ ಸಂಪರ್ಕ ಕಡಿತಗೊಳಿಸಿ, ಕನೆಕ್ಟರ್‌ಗಳನ್ನು ಮುಟ್ಟಿ ಪರೀಕ್ಷಿಸಬೇಕು. ಬಿಸಿಯಾಗಿದ್ದಲ್ಲಿ ಅಥವಾ ಬಣ್ಣ ಬದಲಾಗಿದ್ದಲ್ಲಿ ಬದಲಾಯಿಸಬೇಕು.
- ಸಾಲಿನ ಮೊದಲ ಹಾಗೂ ಕೊನೆಯ ದೀಪಗಳ ವೋಲ್ಟೇಜನ್ನು ಅಳೆಯಿಸಿ, ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಬೆಳೆಗೆ ಅಗತ್ಯವಾದ ಬೆಳಕಿನ ಅವಧಿಯ ಕುರಿತು ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬಹುದಾಗಿದೆ.